ಕತ್ತರಿಗೆ ಹಣವುಂಟು, ಕಾಯುವುದಕ್ಕಿಲ್ಲ

ನನ್ನ ತಂಗಿಯ ಮೊಮ್ಮಗಳು ಭಾರ ಎತ್ತುವ ಕ್ರೀಡೆಯಲ್ಲಿ ಜಿಲ್ಲೆಯನ್ನು ದಾಟಿ ರಾಜ್ಯಮಟ್ಟಕ್ಕೆ ಬಂದಿದ್ದ ಹುಡುಗಿ. ಕ್ರೀಡಾ ವಸತಿ ನಿಲಯವೊಂದರಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಳು. ಆಗ ಹದಿನೇಳು ವರ್ಷ. ಎರಡು ವರ್ಷಗಳ ಹಿಂದೆ ಒಂದು ಮುಂಜಾನೆಯ ಅಭ್ಯಾಸದಲ್ಲಿ ನೆಲದಿಂದ ಭಾರವನ್ನು ಎಳೆಯುತ್ತಿದ್ದಾಗ ಸೊಂಟದಲ್ಲಿ ಚಳಕು ಹೊಡೆಯಿತು. ತರಬೇತುದಾರರು ಉಳುಕು ಎಂದರು. ಯಾರೋ ಎಣ್ಣೆ ತಿಕ್ಕಿದರು. ಮೂರನೆಯ ದಿನಕ್ಕೆ ನೋವು ಎಡತೊಡೆಯ ಹಿಂಬದಿಯಿಂದ ಇಳಿದು ಪಾದದ ಹೊರ ಅಂಚನ್ನು ಮುಟ್ಟಿತು. ಕೆಮ್ಮಿದರೆ, ಸೀನಿದರೆ ಕಾಲಿನಲ್ಲಿ ಮಿಂಚು ಹರಿದಂತಾಗುತ್ತಿತ್ತು.

ಖಾಸಗಿ ಆಸ್ಪತ್ರೆಯೊಂದಕ್ಕೆ ಅವಳನ್ನೂ ಅವಳ ತಂದೆಯನ್ನೂ ಕರೆದುಕೊಂಡು ಹೋದವನು ನಾನೇ. ಶಸ್ತ್ರವೈದ್ಯರು ಹುಡುಗಿಯ ಕಾಲನ್ನು ಮುಟ್ಟಿ ನೋಡುವುದಕ್ಕೆ ಮೊದಲೇ ಎಂಆರ್‌ಐ ಚಿತ್ರವನ್ನು ನೋಡಿದರು. "ಡಿಸ್ಕ್ ಹೊರಗೆ ಬಂದು ನರವನ್ನು ಒತ್ತುತ್ತಿದೆ. ಸಣ್ಣ ಆಪರೇಷನ್, ಎರಡು ದಿನ ಆಸ್ಪತ್ರೆ. ಇನ್ಶೂರೆನ್ಸ್ ಇದೆ ತಾನೇ?" ಎಂದರು. ಅಂದಾಜು ವೆಚ್ಚ ಎರಡೂವರೆ ಲಕ್ಷ ರೂಪಾಯಿ. ತಂದೆಯ ಕಂಪನಿಯ ಸಾಮೂಹಿಕ ವಿಮೆಯಿಂದ ಸಂಜೆಯೊಳಗೆ ಪೂರ್ವಾನುಮತಿ ಬಂದೇಬಿಟ್ಟಿತು. ಮೂವತ್ತೈದು ವರ್ಷ ಕಡತಗಳ ನಡುವೆ ಬಾಳಿದ ನನಗೆ ಅಷ್ಟು ಚುರುಕಾದ ಮಂಜೂರಾತಿಯನ್ನು ಕಂಡು ಮೊದಲು ಬೆರಗಾಯಿತು, ಆಮೇಲೆ ಅನುಮಾನವಾಯಿತು. ಒಂದು ವಾರದ ಅವಕಾಶ ಕೇಳಿ ಹೊರಬಂದೆವು. ಆ ವಾರದಲ್ಲೂ ಅನಂತರದ ತಿಂಗಳುಗಳಲ್ಲೂ ನಾನು ಓದಿದ್ದು, ವಿಚಾರಿಸಿದ್ದು, ಕಂಡದ್ದು ಈ ಬರಹಕ್ಕೆ ಕಾರಣ. ನಾನು ವೈದ್ಯನಲ್ಲ, ಅರ್ಥಶಾಸ್ತ್ರದ ವಿದ್ಯಾರ್ಥಿ. ಆದರೆ ಈ ಪ್ರಶ್ನೆಯ ಅರ್ಧ ವೈದ್ಯಕೀಯದ್ದಾದರೆ ಉಳಿದರ್ಧ ಅರ್ಥಶಾಸ್ತ್ರದ್ದು ಎಂಬುದು ಬೇಗನೆ ಮನವರಿಕೆಯಾಯಿತು.

ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತೆ ಕುಳಿತಿರುವ ಡಿಸ್ಕ್‌ಗೆ ಎರಡು ಭಾಗ. ಹೊರಗೆ ನಾರಿನ ಪದರಗಳಿಂದಾದ ಗಟ್ಟಿ ಬಳೆ. ಒಳಗೆ ನೀರು ತುಂಬಿದ, ಲೋಳೆಯಂಥ ತಿರುಳು. ಬಳೆ ಹರಿದು ತಿರುಳು ಹೊರಚಾಚಿದಾಗ ಪಕ್ಕದಲ್ಲೇ ಹಾದುಹೋಗುವ ನರದ ಬೇರಿಗೆ ತಾಗುತ್ತದೆ. ‘ಡಿಸ್ಕ್ ಜಾರಿದೆ’ ಎಂದು ನಾವೆಲ್ಲ ಹೇಳುವುದುಂಟು. ವಾಸ್ತವವಾಗಿ ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ, ಮಣಿಗಳಿಗೆ ಭದ್ರವಾಗಿ ಅಂಟಿಕೊಂಡೇ ಇರುತ್ತದೆ. ಸೊಂಟದ ಕೊನೆಯ ಎರಡು ಡಿಸ್ಕ್‌ಗಳಲ್ಲಿ ಈ ತೊಂದರೆ ಹೆಚ್ಚು. ಆಯುರ್ವೇದವು ಗೃಧ್ರಸಿ ಎಂದೂ ಆಧುನಿಕ ವೈದ್ಯವು ಸಯಾಟಿಕಾ ಎಂದೂ ಕರೆಯುವ ಕಾಲುನೋವು ಬಹುಮಟ್ಟಿಗೆ ಇದರ ಫಲ. ನೋವಿಗೆ ಒತ್ತಡವೊಂದೇ ಕಾರಣವಲ್ಲ. ರಕ್ತನಾಳಗಳೇ ಇಲ್ಲದ ಜಾಗದಲ್ಲಿ ಅಡಗಿದ್ದ ತಿರುಳು ಹೊರಬಿದ್ದೊಡನೆ ದೇಹದ ರಕ್ಷಣಾ ಕೋಶಗಳು ಅದನ್ನು ಪರಕೀಯವೆಂದು ಬಗೆದು ಮುತ್ತುತ್ತವೆ. ಉರಿಯೂತ ಉಂಟಾಗಿ ನರ ಕೆರಳುತ್ತದೆ. ವಿಚಿತ್ರವೆಂದರೆ ವಾಸಿಯಾಗುವ ದಾರಿಯೂ ಇದೇ. ಮುತ್ತಿದ ಆ ಕೋಶಗಳೇ ಹೊರಬಿದ್ದ ತುಣುಕನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ತಿಂದು ಕರಗಿಸುತ್ತವೆ. ಚಿತ್ರದಲ್ಲಿ ಅತ್ಯಂತ ಭಯಂಕರವಾಗಿ ಕಾಣುವ, ಪೂರ್ತಿ ಕಳಚಿಬಿದ್ದ ತುಣುಕೇ ಹೆಚ್ಚಾಗಿ ಕರಗುವುದು. ಬಳೆಯೊಳಗೇ ಉಬ್ಬಿ ನಿಂತದ್ದು ಹಾಗೆಯೇ ಉಳಿಯುವ ಸಂಭವ ಹೆಚ್ಚು.

ಈ ತಿಳಿವಳಿಕೆ ಬಂದದ್ದು ತಡವಾಗಿ. 1934ರಲ್ಲಿ ಬಾಸ್ಟನ್ನಿನ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಎಂಬ ಶಸ್ತ್ರವೈದ್ಯರು, ಕಾಲುನೋವಿಗೆ ಹರಿದ ಡಿಸ್ಕ್ ಕಾರಣವೆಂದೂ ಅದನ್ನು ತೆಗೆದರೆ ನೋವು ಹೋಗುತ್ತದೆಂದೂ ತೋರಿಸಿದರು. ಅದು ದೊಡ್ಡ ಶೋಧ. ಆದರೆ ತೆಗೆಯದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೇಳಲು ಮತ್ತೆ ನಾಲ್ಕು ದಶಕಗಳೇ ಬೇಕಾದವು. ನಾರ್ವೆಯ ಹೆನ್ರಿಕ್ ವೆಬರ್ 126 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಅದಿಲ್ಲದ ಚಿಕಿತ್ಸೆ ಕೊಟ್ಟು ಹತ್ತು ವರ್ಷ ಹಿಂಬಾಲಿಸಿದರು. 1983ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ವರ್ಷ ಶಸ್ತ್ರಚಿಕಿತ್ಸೆಯ ಗುಂಪು ಸ್ಪಷ್ಟವಾಗಿ ಮುಂದಿತ್ತು. ನಾಲ್ಕನೆಯ ವರ್ಷಕ್ಕೆ ಗಣನೀಯ ಅಂತರ ಉಳಿಯಲಿಲ್ಲ. 2007ರಲ್ಲಿ ನೆದರ್ಲೆಂಡ್ಸಿನಿಂದ ಬಂದ 283 ರೋಗಿಗಳ ಅಧ್ಯಯನ ಇನ್ನಷ್ಟು ಕಣ್ತೆರೆಸುವಂಥದ್ದು. ಆರರಿಂದ ಹನ್ನೆರಡು ವಾರ ತೀವ್ರ ಕಾಲುನೋವು ಅನುಭವಿಸಿದವರಲ್ಲಿ ಅರ್ಧ ಮಂದಿಗೆ ಬೇಗನೆ ಶಸ್ತ್ರಚಿಕಿತ್ಸೆ ಗೊತ್ತುಮಾಡಲಾಯಿತು. ಉಳಿದವರನ್ನು ಕಾಯಿಸಿ, ತಡೆಯಲಾಗದವರಿಗೆ ಮಾತ್ರ ಮಾಡಲಾಯಿತು. ಬೇಗ ಮಾಡಿಸಿಕೊಂಡವರ ನೋವು ಬೇಗ ಇಳಿಯಿತು, ಇದರಲ್ಲಿ ಸಂದೇಹವಿಲ್ಲ. ಒಂದು ವರ್ಷದ ಕೊನೆಗೆ ಮಾತ್ರ ಎರಡೂ ಗುಂಪುಗಳಲ್ಲಿ ನೂರಕ್ಕೆ 95 ಮಂದಿ ತಾವು ಗುಣವಾದೆವೆಂದರು. ಕಾಯ್ದವರಲ್ಲಿ ಕೊನೆಗೂ ಶಸ್ತ್ರಚಿಕಿತ್ಸೆಗೆ ಹೋದವರು ನೂರಕ್ಕೆ 39. ಅಮೆರಿಕದಲ್ಲಿ 13 ಕೇಂದ್ರಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಎರಡೂ ಗುಂಪಿನ ಅನೇಕರು ತಮಗೊಪ್ಪಿಸಿದ ಚಿಕಿತ್ಸೆಯನ್ನು ಬಿಟ್ಟು ಇನ್ನೊಂದಕ್ಕೆ ಜಿಗಿದುದರಿಂದ ಸ್ಪಷ್ಟ ತೀರ್ಪು ದೊರೆಯಲಿಲ್ಲ. ಮನುಷ್ಯರ ಮೇಲೆ ಪ್ರಯೋಗ ಮಾಡಹೊರಟ ಅರ್ಥಶಾಸ್ತ್ರಜ್ಞರಿಗೆ ಈ ಫಜೀತಿ ಚೆನ್ನಾಗಿ ಗೊತ್ತು.

ಇವೆಲ್ಲ ವಯಸ್ಕರ ಮೇಲೆ ನಡೆದ ಪ್ರಯೋಗಗಳು ಎಂಬುದನ್ನು ಮರೆಯುವಂತಿಲ್ಲ. ಹದಿಹರೆಯದವರ ಡಿಸ್ಕ್ ಬೇರೆ ಬಗೆಯದು. ತಿರುಳು ಹೆಚ್ಚು ನೀರಿನಿಂದ ಕೂಡಿ ಬಿಗಿಯಾಗಿರುತ್ತದೆ. ಅದು ಕರಗುವುದು ವಯಸ್ಕರಲ್ಲಿಗಿಂತ ನಿಧಾನವಾಗಬಹುದು. ಬೆಳವಣಿಗೆ ಇನ್ನೂ ಮುಗಿಯದ ಮಣಿಯ ಅಂಚಿನ ಉಂಗುರವೇ ಒಡೆದು ಡಿಸ್ಕ್‌ನೊಡನೆ ಹೊರಬರುವುದುಂಟು. ಆಗ ಆ ಮೂಳೆಯ ಚೂರು ಕರಗುವುದಿಲ್ಲ, ಲೆಕ್ಕಾಚಾರ ಬದಲಾಗುತ್ತದೆ. ಆದಕಾರಣ ‘ಎಲ್ಲ ತಾನಾಗಿಯೇ ಸರಿಹೋಗುತ್ತದೆ’ ಎಂದು ಹದಿನೈದರ ಹುಡುಗನನ್ನು ಮನೆಯಲ್ಲಿ ಕೂರಿಸುವುದು ಬೇಜವಾಬ್ದಾರಿ. ಅತ್ತ, ಈ ವಯಸ್ಸಿನಲ್ಲಿ ಕತ್ತರಿ ಹಾಕಿಸಿಕೊಂಡ ಡಿಸ್ಕ್ ಇನ್ನೂ ಐವತ್ತು ಅರವತ್ತು ವರ್ಷ ಭಾರ ಹೊರಬೇಕು. ಹಾಗೆ ಮಾಡಿಸಿಕೊಂಡ ಕೆಲವರಿಗೆ ವರ್ಷಗಳ ಬಳಿಕ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುವುದೂ ಉಂಟು.

ಚಿತ್ರವನ್ನು ನಂಬಿ ಚಿಕಿತ್ಸೆ ಮಾಡುವುದು ಇನ್ನೊಂದು ಅಪಾಯ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಎಂಆರ್‌ಐ ತೆಗೆದು ನೋಡಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ನೂರಕ್ಕೆ 27 ಮಂದಿಯಲ್ಲಿ ಚೆನ್ನಾಗಿಯೇ ಹೊರಚಾಚಿತ್ತು. ಹಾಗಾದರೆ ಬೆನ್ನು ನೋವೆಂದು ಬಂದ ಯುವ ವೇಗದ ಬೌಲರನ ಚಿತ್ರದಲ್ಲಿ ಉಬ್ಬಿದ ಡಿಸ್ಕ್ ಕಂಡರೆ ಅದೇ ಅಪರಾಧಿಯೆಂದು ತೀರ್ಮಾನಿಸಬಹುದೇ? ಆ ವಯಸ್ಸಿನ ಬೌಲರುಗಳಲ್ಲಿ ಮಣಿಯ ಹಿಂಬದಿಯ ಕಮಾನಿನಲ್ಲಿ ಒತ್ತಡದಿಂದ ಕೂದಲೆಳೆಯ ಬಿರುಕು ಬಿಡುವುದು ಸಾಮಾನ್ಯ. ನಮ್ಮವರೇ ಆದ ಪ್ರಸಿದ್ಧ ಕೃಷ್ಣ 2022ರಲ್ಲಿ ದೀರ್ಘಕಾಲ ಹೊರಗುಳಿದದ್ದು ಸೊಂಟದ ಇಂಥ ಬಿರುಕಿನಿಂದ. ಆ ಬಿರುಕಿಗೆ ಬೇಕಾದ ವಿಶ್ರಾಂತಿಯ ಕ್ರಮ ಬೇರೆ, ಡಿಸ್ಕ್‌ಗೆ ಬೇಕಾದ ವ್ಯಾಯಾಮ ಬೇರೆ. ಬೆನ್ನನ್ನು ಹಿಂದಕ್ಕೆ ಬಾಗಿಸುವ ಯಾವ ಚಲನೆ ಡಿಸ್ಕ್ ರೋಗಿಗೆ ಹಿತವೋ ಅದೇ ಬಿರುಕಿನ ರೋಗಿಗೆ ಕೇಡು.

ಶಸ್ತ್ರಚಿಕಿತ್ಸೆಯನ್ನು ಒಂದು ದಿನವೂ ಮುಂದೂಡಬಾರದ ಸಂದರ್ಭಗಳನ್ನು ಇಲ್ಲಿಯೇ ಹೇಳಿಬಿಡಬೇಕು. ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಮಲವಿಸರ್ಜನೆಯ ಹಿಡಿತ ತಪ್ಪಿದರೆ, ಕುದುರೆಯ ಜೀನು ತಾಗುವ ಜಾಗದಲ್ಲಿ, ಅಂದರೆ ತೊಡೆಸಂದು ಮತ್ತು ಆಸನದ ಸುತ್ತ, ಜೋಮು ಹಿಡಿದರೆ ಅದು ತುರ್ತು. ರಾತ್ರಿಯೇ ಆಸ್ಪತ್ರೆಗೆ ಧಾವಿಸಬೇಕು. ಪಾದ ಎತ್ತಲಾಗದೆ ಸೋಲುತ್ತಿದ್ದರೆ, ದೌರ್ಬಲ್ಯ ದಿನೇದಿನೇ ಹೆಚ್ಚುತ್ತಿದ್ದರೆ ಕಾಯುವ ಮಾತಿಲ್ಲ. ಎಳೆಯರಲ್ಲಿ ಜ್ವರ, ತೂಕ ಇಳಿತ, ರಾತ್ರಿ ನಿದ್ದೆಗೆಡಿಸುವ ನೋವು ಇವು ಡಿಸ್ಕ್‌ನವಲ್ಲದ ಬೇರೆ ಕಾಯಿಲೆಯ ಸೂಚನೆಯಾಗಿರಬಹುದು. ಕಾಯುವ ಚಿಕಿತ್ಸೆಯ ಪರವಾಗಿ ನಾನು ಹೇಳುವುದೆಲ್ಲ ಇವು ಯಾವುವೂ ಇಲ್ಲದವರ ಬಗ್ಗೆ.

ನಾವು ಎರಡನೆಯದಾಗಿ ಕಂಡ ವೈದ್ಯರೂ ಶಸ್ತ್ರವೈದ್ಯರೇ. ಅವರು ಚಿತ್ರವನ್ನು ಪಕ್ಕಕ್ಕಿಟ್ಟು ಹುಡುಗಿಯನ್ನು ಮಲಗಿಸಿ ಕಾಲನ್ನು ನೇರವಾಗಿ ಎತ್ತಿ ನೋಡಿದರು, ತುದಿಗಾಲಿನಲ್ಲಿ ನಡೆಸಿದರು, ಹಿಮ್ಮಡಿಯ ಮೇಲೆ ನಡೆಸಿದರು, ಮಂಡಿಗೂ ಹಿಮ್ಮಡಿಗೂ ಸುತ್ತಿಗೆ ತಟ್ಟಿದರು. ಶಕ್ತಿ ಕುಗ್ಗಿಲ್ಲ, ಮೂಳೆಯ ಚೂರಿಲ್ಲ. "ಆರು ವಾರ ಬಿಟ್ಟು ಬನ್ನಿ. ಆದರೆ ಸುಮ್ಮನೆ ಮಲಗಿ ಬರಬೇಡಿ" ಎಂದರು. ಆ ಕೊನೆಯ ಮಾತು ಮುಖ್ಯವಾದದ್ದು. ಡಿಸ್ಕ್ ರೋಗಿ ಹಲಗೆಯ ಮೇಲೆ ತಿಂಗಳುಗಟ್ಟಲೆ ಮಲಗಬೇಕೆಂಬುದು ನಮ್ಮ ತಲೆಮಾರಿನ ನಂಬಿಕೆ. 1999ರಲ್ಲಿ ನೆದರ್ಲೆಂಡ್ಸಿನ ಅಧ್ಯಯನವೊಂದು ಸಯಾಟಿಕಾಕ್ಕೆ ಎರಡು ವಾರ ಮಲಗಿದವರೂ ಮಲಗದವರೂ ಸಮಾನವಾಗಿಯೇ ಗುಣಹೊಂದಿದರೆಂದು ತೋರಿಸಿತು. ಒಂದೆರಡು ದಿನ ನೋವು ತಗ್ಗುವವರೆಗೆ ಮಲಗಿದರೆ ತಪ್ಪಿಲ್ಲ; ಆಟಗಾರನಿಗೆ ಅದಕ್ಕಿಂತ ಹೆಚ್ಚಿನ ಮಲಗುವಿಕೆ ಸ್ನಾಯುಗಳ ನಷ್ಟವೇ ಸರಿ. ಸೊಂಟಕ್ಕೆ ಭಾರ ಕಟ್ಟಿ ಎಳೆಯುವ ಪದ್ಧತಿಗೂ ಹೇಳಿಕೊಳ್ಳುವಂಥ ಪುರಾವೆಯಿಲ್ಲ. ಊರಿನಲ್ಲಿ ಉಳುಕು ತೆಗೆಯುತ್ತೇನೆಂದು ಬೆನ್ನನ್ನು ತಿರುಚುವವರ ಬಳಿಗೆ ಹೋಗುವುದಂತೂ ಸರ್ವಥಾ ಕೂಡದು.

ಹಾಗಾದರೆ ಮಾಡುವುದೇನು? ನ್ಯೂಜಿಲೆಂಡಿನ ವೆಲ್ಲಿಂಗ್ಟನ್ನಿನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟ್ ಇದ್ದರು. 1956ರಲ್ಲಿ ಒಬ್ಬ ರೋಗಿಯನ್ನು ಒಳಗೆ ಹೋಗಿ ಬೋರಲಾಗಿ ಮಲಗಿರಲು ಹೇಳಿದರು. ಮಂಚದ ತಲೆಭಾಗ ಮೇಲೆತ್ತಿದ್ದುದನ್ನು ಇಬ್ಬರೂ ಗಮನಿಸಲಿಲ್ಲ. ಬೆನ್ನು ಹಿಂದಕ್ಕೆ ಬಾಗಿದ ಆ ಭಂಗಿಯಲ್ಲಿ, ವಾರಗಳಿಂದ ಬಗ್ಗದ ಕಾಲುನೋವು ಕಾಲನ್ನು ಬಿಟ್ಟು ಸೊಂಟದ ಮಧ್ಯಕ್ಕೆ ಬಂದುಬಿಟ್ಟಿತ್ತು. ಕಾಲಿನ ನೋವು ಹೀಗೆ ಸೊಂಟದ ಕಡೆಗೆ ಹಿಮ್ಮೆಟ್ಟುವುದು ಒಳ್ಳೆಯ ಲಕ್ಷಣವೆಂಬ ತತ್ತ್ವದ ಮೇಲೆ ಅವರು ಒಂದು ಪದ್ಧತಿಯನ್ನೇ ಕಟ್ಟಿದರು. ಇಂದು ಅದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ನಮ್ಮ ಭುಜಂಗಾಸನವನ್ನು ಬಲ್ಲವರಿಗೆ ಈ ಭಂಗಿ ಹೊಸದಲ್ಲ. ಆದರೆ ಯೋಗವೆಂದರೆ ಎಲ್ಲವೂ ಹಿತವೆಂದು ತಿಳಿದು ನೋವಿನ ದಿನಗಳಲ್ಲಿ ಪಶ್ಚಿಮೋತ್ತಾನಾಸನ ಮಾಡಿ ಕಾಲಿಗೆ ಮೂಗು ತಾಗಿಸಹೊರಟರೆ ಇದ್ದ ಹರುಕು ಇನ್ನಷ್ಟು ಹರಿದೀತು.

ನೋವು ಹಿಮ್ಮೆಟ್ಟಿದ ಮೇಲೆ ಹೊಟ್ಟೆ, ಪಕ್ಕೆ, ಬೆನ್ನಿನ ಸ್ನಾಯುಗಳಿಗೆ ಬೆನ್ನನ್ನು ಬಗ್ಗಿಸದೆಯೇ ಬಲ ತುಂಬುವ ವ್ಯಾಯಾಮಗಳು. ದಿನಕ್ಕೆ ಎರಡು ಮೂರು ಬಾರಿ ನಡಿಗೆ. ಆಮೇಲೆ ಖಾಲಿ ಕೋಲು, ಆಮೇಲೆ ಹಗುರ ಭಾರ. ಮರಳುವ ದಿನವನ್ನು ನಿರ್ಧರಿಸಬೇಕಾದದ್ದು ಕಾಲು ಮತ್ತು ಬೆನ್ನಿನ ಸ್ಥಿತಿ, ಪಂದ್ಯಾವಳಿಯ ಪಟ್ಟಿಯಲ್ಲ. ನೋವಿನ ಮಾತ್ರೆ ಈ ನಡುವೆ ಊರುಗೋಲು. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವರಿಗೆ ಕೆಲವು ವಾರ ನೆಮ್ಮದಿ ಕೊಡುತ್ತದೆ; ಆ ನೆಮ್ಮದಿಯನ್ನು ನಂಬಿ ಅಂಕಣಕ್ಕಿಳಿಯುವುದು ಸಾಲ ಮಾಡಿ ತುಪ್ಪ ತಿಂದಂತೆ.

ಒಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಬೆಳಗ್ಗೆ ನಾವೆಲ್ಲ ಸಂಜೆಗಿಂತ ಒಂದರಿಂದ ಎರಡು ಸೆಂಟಿಮೀಟರಿನಷ್ಟು ಎತ್ತರವಿರುತ್ತೇವೆ. ಹಾಗೆ ಬಿಗಿದ ಡಿಸ್ಕ್ ಮುಂದಕ್ಕೆ ಬಗ್ಗಿದಾಗ ಹೆಚ್ಚು ಒತ್ತಡಕ್ಕೆ ಒಳಗಾಗುತ್ತದೆ. ಎದ್ದ ಮೊದಲ ಒಂದೆರಡು ಗಂಟೆ ಸೊಂಟ ಬಗ್ಗಿಸದಿದ್ದರೆ ಬೆನ್ನುನೋವು ತಗ್ಗುತ್ತದೆಂದು 1998ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ನಮ್ಮ ಹುಡುಗಿಯ ನಿಲಯದಲ್ಲಿ ದಿನ ಆರಂಭವಾಗುತ್ತಿದ್ದುದು ಬೆಳಗಿನ ಐದು ಗಂಟೆಗೆ, ಎದ್ದ ಹತ್ತು ನಿಮಿಷಕ್ಕೆ ಸಿಟ್-ಅಪ್ ಮತ್ತು ನೆಲದಿಂದ ಭಾರ ಎಳೆಯುವುದರೊಂದಿಗೆ. ಶಿಸ್ತೆಂದು ಯಾರೋ ಎಂದೋ ಬರೆದಿಟ್ಟ ವೇಳಾಪಟ್ಟಿ. ಬದಲಿಸಲು ಒಂದು ಪೈಸೆಯೂ ಬೇಡ.

ಆದರೆ ಉಳಿದದ್ದಕ್ಕೆಲ್ಲ ಪೈಸೆ ಬೇಕು. ವಾರಕ್ಕೆ ಮೂರರಂತೆ ಹನ್ನೆರಡು ವಾರ, ಮೂವತ್ತಾರು ಬಾರಿ ಫಿಸಿಯೋಥೆರಪಿ. ಒಂದಕ್ಕೆ ಐನೂರು ರೂಪಾಯಿಯಂತೆ ಹದಿನೆಂಟು ಸಾವಿರ. ಎರಡೂವರೆ ಲಕ್ಷಕ್ಕೆ ಸಂಜೆಯೊಳಗೆ ಒಪ್ಪಿದ ವಿಮೆಯವರು ಈ ಹದಿನೆಂಟು ಸಾವಿರವನ್ನು ನಿರಾಕರಿಸಿದರು. ಕಾರಣ, ರೋಗಿ ಆಸ್ಪತ್ರೆಗೆ ದಾಖಲಾಗಿಲ್ಲ. ವಿಮೆಯವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ, ಸರ್ಕಾರದ ಯೋಜನೆಗಳ ಕಟ್ಟಡವೂ ಇದೇ ಅಡಿಪಾಯದ ಮೇಲಿದೆ. 2003ರಲ್ಲಿ ಸಹಕಾರಿ ರೈತರಿಗಾಗಿ ವರ್ಷಕ್ಕೆ 60 ರೂಪಾಯಿಯ ವಂತಿಗೆಯಿಂದ ಆರಂಭವಾದ ಯಶಸ್ವಿನಿ ದೇಶಕ್ಕೇ ಮಾದರಿಯಾದ ಯೋಜನೆ. ಅದರ ತಿರುಳು ಶಸ್ತ್ರಚಿಕಿತ್ಸೆಗಳ ಪಟ್ಟಿಯೇ ಆಗಿತ್ತು. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೂ ಮುಖ್ಯವಾಗಿ ಒಳರೋಗಿಯ ಚಿಕಿತ್ಸೆಗೆ ಹಣ ಕೊಡುವ ವ್ಯವಸ್ಥೆ. ಬಡವನನ್ನು ಆಸ್ಪತ್ರೆಯ ಸಾಲದಿಂದ ಉಳಿಸುವುದು ಇವುಗಳ ಉದ್ದೇಶ, ಅದು ಸರಿಯಾದದ್ದೇ. ಆದರೆ ಎರಡು ದಾರಿಗಳಲ್ಲಿ ಒಂದಕ್ಕೆ ಮಾತ್ರ ಸುಂಕವಿಲ್ಲದಂತೆ ಮಾಡಿದರೆ ಜನ ಯಾವ ದಾರಿ ಹಿಡಿದಾರು? ಕೆನೆತ್ ಆ್ಯರೋ 1963ರಲ್ಲಿಯೇ ಬರೆದರು: ವೈದ್ಯನಿಗೂ ರೋಗಿಗೂ ನಡುವೆ ಅರಿವಿನ ಅಂತರ ಇಷ್ಟು ದೊಡ್ಡದಿರುವಾಗ ಇದು ಬೇರೆ ಪೇಟೆಗಳಂಥ ಪೇಟೆಯಲ್ಲ. ನನ್ನ ಮೊದಲ ವೈದ್ಯರನ್ನು ನಾನು ದುರಾಸೆಯವರೆನ್ನಲಾರೆ. ಯಾವುದಕ್ಕೆ ಬಿಲ್ಲು ಬರೆಯಬಹುದೋ ಅದನ್ನು ಅವರು ಸೂಚಿಸಿದರು, ಅಷ್ಟೆ.

ಲೆಕ್ಕ ಹಾಕಿ ನೋಡೋಣ. ನಮಗೆ ಹೇಳಿದ ದರದಲ್ಲಿ ಹತ್ತು ಮಂದಿಗೂ ಶಸ್ತ್ರಚಿಕಿತ್ಸೆಯಾದರೆ 25 ಲಕ್ಷ. ಹತ್ತು ಮಂದಿಗೂ ಮೊದಲು ಫಿಸಿಯೋಥೆರಪಿ ಕೊಟ್ಟು, ಡಚ್ ಅಧ್ಯಯನದಲ್ಲಾದಂತೆ ನಾಲ್ವರಿಗೆ ಕೊನೆಗೆ ಶಸ್ತ್ರಚಿಕಿತ್ಸೆ ಬೇಕಾಯಿತೆಂದುಕೊಂಡರೂ 11 ಲಕ್ಷ 80 ಸಾವಿರ. ಸರ್ಕಾರದ ಪ್ಯಾಕೇಜ್ ದರದಲ್ಲಿ ಅಂತರ ಇಷ್ಟಿರಲಾರದು. ಆದರೆ ದಿಕ್ಕು ಬದಲಾಗಲಾರದು.

ಹಣಕ್ಕಿಂತ ದುಬಾರಿಯಾದದ್ದು ಸಮಯ. ಟೆನಿಸ್ ಆಟಗಾರ ಪೀಟ್ ಸಾಂಪ್ರಸ್ 1999ರ ಅಮೆರಿಕನ್ ಓಪನ್ ಆರಂಭವಾಗುವ ಹೊತ್ತಿಗೆ ಡಿಸ್ಕ್ ತೊಂದರೆಯಿಂದ ಹಿಂದೆ ಸರಿದರು. ಆಗ ಅವರಿಗೆ 28. ಕತ್ತರಿಗೆ ಹೋಗದೆ ಕಾಯ್ದರು. ಅದೇ ನವೆಂಬರಿನಲ್ಲಿ ಹ್ಯಾನೋವರಿನಲ್ಲಿ ಅಗಾಸ್ಸಿಯನ್ನು ಸೋಲಿಸಿ ವರ್ಷಾಂತ್ಯದ ಪ್ರಶಸ್ತಿ ಗೆದ್ದರು. ಮರುವರ್ಷ ವಿಂಬಲ್ಡನ್ ಗೆದ್ದು 13ನೆಯ ಗ್ರ್ಯಾಂಡ್‌ಸ್ಲಾಂ ಪ್ರಶಸ್ತಿಯೊಂದಿಗೆ ದಾಖಲೆ ಬರೆದರು. ಇದಕ್ಕೆ ಎದುರು ಉದಾಹರಣೆಗಳೂ ಇವೆ. ಅಮೆರಿಕನ್ ಫುಟ್‌ಬಾಲಿನ ಜೋ ಮೊಂಟಾನಾ 1986ರಲ್ಲಿ ಆಪರೇಷನ್ ಆದ ಎರಡು ತಿಂಗಳೊಳಗೆ ಮೈದಾನದಲ್ಲಿದ್ದರು. ಗಾಲ್ಫಿನ ಟೈಗರ್ ವುಡ್ಸ್ 2014ರಿಂದ 2017ರೊಳಗೆ ನಾಲ್ಕು ಬಾರಿ ಬೆನ್ನಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2019ರಲ್ಲಿ ಮಾಸ್ಟರ್ಸ್ ಗೆದ್ದರು. ಆಟಗಾರರ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ ಎರಡೂ ದಾರಿಯಲ್ಲಿ ಬಹುಪಾಲು ಜನ ಆಟಕ್ಕೆ ಮರಳಿದ್ದಾರೆ, ಮರಳಲು ಎರಡರಲ್ಲೂ ತಿಂಗಳುಗಳೇ ಹಿಡಿದಿವೆ. ಸಾಂಪ್ರಸ್ ಕಾಯಬಲ್ಲವರಾಗಿದ್ದರು, ಅವರ ಸ್ಥಾನವನ್ನು ಯಾರೂ ಕಸಿಯುವಂತಿರಲಿಲ್ಲ. ವಸತಿ ನಿಲಯದ ಹುಡುಗಿಗೆ ಆ ಅನುಕೂಲವಿಲ್ಲ. ವಯೋಮಿತಿಯ ಸ್ಪರ್ಧೆಗಳಲ್ಲಿ ಒಂದು ಋತು ತಪ್ಪಿದರೆ ಆ ವರ್ಗವೇ ತಪ್ಪುತ್ತದೆ. ಕ್ರೀಡಾ ಮೀಸಲಾತಿಯ ಸೀಟಿಗೆ ಬೇಕಾದ ಪ್ರಮಾಣಪತ್ರ ತಪ್ಪುತ್ತದೆ. ವರ್ಷದ ಸಾಧನೆ ನೋಡಿ ನಿಲಯದ ಸ್ಥಾನ ಮುಂದುವರಿಸುವ ಕಡೆ ಊಟ ವಸತಿಯೂ ತಪ್ಪುತ್ತದೆ. ‘ಬೇಗ ಆಪರೇಷನ್ ಮಾಡಿಸಿ’ ಎಂದು ತರಬೇತುದಾರರು ನಮ್ಮನ್ನು ಒತ್ತಾಯಿಸಿದ್ದು ಈ ಕಾರಣಕ್ಕೇ. ಅವರ ಆತಂಕ ಸುಳ್ಳಾಗಿರಲಿಲ್ಲ.

ಇದಕ್ಕೆ ಆಡಳಿತ ಮಾಡಬಹುದಾದದ್ದು ಅಸಾಧ್ಯವೇನಲ್ಲ. ಗಾಯವೆಂದು ವೈದ್ಯರು ದೃಢೀಕರಿಸಿದ ಆಟಗಾರರ ನಿಲಯದ ಸ್ಥಾನವನ್ನು ಒಂದು ವರ್ಷ ಕಾಯ್ದಿರಿಸುವ ಆದೇಶ ಒಂದು ಪುಟದ್ದು. ತುರ್ತಲ್ಲದ ಡಿಸ್ಕ್ ಶಸ್ತ್ರಚಿಕಿತ್ಸೆಗೆ, ರೋಗಿ ಇಪ್ಪತ್ತೊಂದರೊಳಗಿನವರಾದರೆ, ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನು ಪೂರ್ವಾನುಮತಿಯ ಷರತ್ತಾಗಿಸಬಹುದು. ಹನ್ನೆರಡು ವಾರದ ಫಿಸಿಯೋಥೆರಪಿಯನ್ನು ಆರೋಗ್ಯ ಕರ್ನಾಟಕದಲ್ಲಿ ಒಂದು ಪ್ಯಾಕೇಜ್ ಎಂದೇ ಸೇರಿಸಬಹುದು. ಹೊರರೋಗಿ ಬಿಲ್ಲುಗಳನ್ನು ಸುಳ್ಳಾಗಿ ಸೃಷ್ಟಿಸುವುದು ಸುಲಭವೆಂದು ಆರ್ಥಿಕ ಇಲಾಖೆ ಆಕ್ಷೇಪಿಸುತ್ತದೆ. ಆ ಆಕ್ಷೇಪವನ್ನು ನಾನೇ ಅನೇಕ ಕಡತಗಳಲ್ಲಿ ಬರೆದವನು, ಅದರಲ್ಲಿ ಹುರುಳಿದೆ. ಆದರೆ ನೋಂದಾಯಿತ ಆಟಗಾರರ ಸಂಖ್ಯೆ ಮಿತವಾದದ್ದು, ಹಾಜರಾತಿ ಗುರುತಿಸುವ ಯಂತ್ರಗಳು ಈಗ ಪ್ರತಿ ಕಚೇರಿಯಲ್ಲೂ ಇವೆ, ಮತ್ತು ಪ್ರಯೋಗಕ್ಕೆ ಒಂದೆರಡು ಜಿಲ್ಲೆ ಸಾಕು. ಫಿಸಿಯೋಥೆರಪಿಯೂ ಸೇರಿದಂತೆ ಇಂಥ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗವೊಂದನ್ನು ಕಲ್ಪಿಸುವ ಕಾಯ್ದೆಯನ್ನು ಸಂಸತ್ತು 2021ರಲ್ಲೇ ಅಂಗೀಕರಿಸಿದೆ. ಯಾರು ಅರ್ಹರು ಎಂಬ ಪ್ರಶ್ನೆಗೂ ಉತ್ತರದ ದಾರಿಯಿದೆ.

ನಮ್ಮ ಹುಡುಗಿಯ ಕಾಲುನೋವು ಐದನೆಯ ವಾರದಲ್ಲಿ ಮಂಡಿಯಿಂದ ಮೇಲಕ್ಕೆ ಬಂತು, ಹತ್ತನೆಯ ವಾರದ ಹೊತ್ತಿಗೆ ಬಹುತೇಕ ಹೋಯಿತು. ಪಾದದ ಅಂಚಿನಲ್ಲಿ ಸ್ವಲ್ಪ ಜೋಮು ಈಗಲೂ ಇದೆ. ಎಂಟನೆಯ ತಿಂಗಳಿಗೆ ಮತ್ತೆ ಭಾರ ಹಿಡಿದಳು. ಅಷ್ಟರಲ್ಲಿ ನಿಲಯದ ಸ್ಥಾನ ಬೇರೆಯವರ ಪಾಲಾಗಿತ್ತು. ಈಗ ಪದವಿ ಓದುತ್ತ, ಸಂಜೆ ಎರಡು ಬಸ್ಸು ಬದಲಿಸಿ ಅಭ್ಯಾಸಕ್ಕೆ ಹೋಗುತ್ತಾಳೆ. ಮೊದಲು ಎತ್ತುತ್ತಿದ್ದ ಭಾರಕ್ಕೆ ಇನ್ನೂ ಐದು ಕಿಲೋ ಕಡಿಮೆ. ಆ ಮೂವತ್ತಾರು ರಸೀದಿಗಳೂ, ‘ಒಳರೋಗಿಯಾಗಿ ದಾಖಲಾಗಿಲ್ಲವಾದ್ದರಿಂದ ಪರಿಗಣಿಸಲಾಗದು’ ಎಂಬ ಪತ್ರವೂ ನನ್ನ ಮೇಜಿನ ಖಾನೆಯಲ್ಲಿವೆ. ಮೇಲ್ಮನವಿಯ ಕರಡನ್ನು ಮೂರನೆಯ ಬಾರಿ ತಿದ್ದುತ್ತಿದ್ದೇನೆ.